ಕತಗಾಲದ ರಸ್ತೆಬದಿಯಲ್ಲಿ ಮೀನಿನ ಕಲ್ಲುಗಳು

ಲ್ಯಾಪ್‌ಟಾಪ್‌ಗೆ ಲಿನಕ್ಸ್ ಹಾಕಿಕೊಡಿ ಎಂದು ಯಾರು ಬಂದರೂ ನಾನು ಮೊದಲು ಕೇಳುವುದು ಒಂದೇ: ಒಳಗೆ ಇರುವುದರಲ್ಲಿ ಯಾವುದು ಉಳಿಯಬೇಕು, ಯಾವುದು ಹೋದರೂ ಅಡ್ಡಿಯಿಲ್ಲ? ಆ ದಿನ ತದಡಿಯಿಂದ ಬಂದವರು ಮಾತ್ರ ಎರಡೂ ಪ್ರಶ್ನೆಗೆ ಸೇರಿಸಿ ಒಂದೇ ಉತ್ತರ ಕೊಟ್ಟರು. "ಎಲ್ಲ ಉಳೀಬೇಕು ಅಕ್ಕೋರೆ. ಆದ್ರೆ ನೀವು ಎಂತದೂ ನೋಡೂಕಿಲ್ಲ."

ಹಿಂದೆ ಹೊನ್ನಾವರದಲ್ಲಿ ಕಂಪ್ಯೂಟರ್ ಕ್ಲಾಸ್ ನಡೆಸುತ್ತಿದ್ದೆ. ಆ ಕಾಲದಿಂದ ನಾನು ಊರಿಗೆಲ್ಲ ಅಕ್ಕೋರು. ಈಗ ಕುಮಟೆಯ ಬಸ್‌ಸ್ಟ್ಯಾಂಡಿನ ಹಿಂದೆ ರಿಪೇರಿ ಅಂಗಡಿ. ಹಳೆಯದಾಯಿತೆಂದು ಕಂಪನಿಯವರು ಕೈಬಿಟ್ಟ ಯಂತ್ರಗಳಿಗೆ ಲಿನಕ್ಸ್ ಎಂಬ ಉಚಿತ ವ್ಯವಸ್ಥೆ ಹಾಕಿ ಮತ್ತೆ ನಾಲ್ಕಾರು ವರ್ಷ ಓಡುವಂತೆ ಮಾಡುವುದು ನನ್ನ ಹೆಚ್ಚುಗಾರಿಕೆ. ಆ ಬಗ್ಗೆ ಸ್ವಲ್ಪ ಜಂಬವೂ ಇತ್ತು ಎಂದು ಬೇರೆ ಹೇಳಬೇಕಿಲ್ಲ.

ಬಂದವರು ಒಬ್ಬ ತಾಂಡೇಲರ ತಮ್ಮ. ತಾಂಡೇಲ ಎಂದರೆ ಮೀನುಗಾರಿಕೆ ಬೋಟಿನ ಯಜಮಾನಿಕೆ ನಡೆಸುವವನು. ಎಲ್ಲಿಗೆ ಹೋಗಬೇಕು, ಎಲ್ಲಿ ಬಲೆ ಬಿಡಬೇಕು ಎಂದು ಹೇಳುವವನು. ಮಳೆಗಾಲದ ಮೀನುಗಾರಿಕೆ ನಿಷೇಧ ಶುರುವಾದ ಹೊಸತರಲ್ಲೇ ಅಣ್ಣನಿಗೆ ಲಕ್ವ ಹೊಡೆದು ಬಲಗೈ ಹೋಗಿತ್ತು, ಮಾತೂ ಹೋಗಿತ್ತು. ನಿಷೇಧ ಮುಗಿಯಲು ಬಂದಿತ್ತು. ಈ ಸಲ ಬೋಟು ತೆಗೆದುಕೊಂಡು ಹೋಗಬೇಕಾದವರು ತಮ್ಮ. ಅವರು ಮಹಾ ಮಾತುಗಾರರು. ಅಂಗಡಿಯ ಸ್ಟೂಲಿನ ಮೇಲೆ ಕೂತು ಒಂದು ಲೋಟ ಚಹಾ ಮುಗಿಯುವುದರೊಳಗೆ ಬೋಟಿನ ಎಂಜಿನ್ನಿನಿಂದ ಅತ್ತಿಗೆಯ ಸಕ್ಕರೆ ಕಾಯಿಲೆಯವರೆಗೆ ಎಲ್ಲ ನನಗೆ ಗೊತ್ತಾಗಿ ಹೋಗಿತ್ತು.

ಸಂಗತಿ ಇಷ್ಟು. ಯಾವ ಕಲ್ಲಿನ ಬುಡದಲ್ಲಿ ಮೀನು ನಿಲ್ಲುತ್ತದೆ, ಎಲ್ಲಿ ಮುಳುಗಿದ ಹಡಗೊಂದು ಬಿದ್ದಿದೆ, ಎಲ್ಲಿ ಬಲೆ ಬಿಟ್ಟರೆ ಹರಿದು ಚಿಂದಿಯಾಗುತ್ತದೆ ಎಂಬ ಜಿಪಿಎಸ್ ಪಾಯಿಂಟುಗಳೇ ತಾಂಡೇಲನ ಆಸ್ತಿ. ಅದನ್ನು ಅವರು ಹೆಂಡತಿಗೂ ಹೇಳುವುದಿಲ್ಲ. ಅಣ್ಣ ಪ್ರತಿ ಸಲ ಹೊರಡುವ ಮೊದಲು ಕ್ಯಾಬಿನ್ನಿನ ಬಾಗಿಲು ಹಾಕಿಕೊಂಡು, ಆ ಸಲಕ್ಕೆ ಬೇಕಾದ ಪಾಯಿಂಟುಗಳನ್ನಷ್ಟೇ ಬೋಟಿನ ಜಿಪಿಎಸ್‌ಗೆ ತುಂಬುತ್ತಿದ್ದರು. ದಡ ಕಾಣುವ ಮೊದಲು ಅಳಿಸಿಬಿಡುತ್ತಿದ್ದರು. ಎಲ್ಲವೂ ಇದ್ದದ್ದು ಒಂದೇ ಕಡೆ, ಅವರ ಲ್ಯಾಪ್‌ಟಾಪ್‌ನಲ್ಲಿ.

ಆ ಲ್ಯಾಪ್‌ಟಾಪನ್ನು ತಮ್ಮ ಗೋಣಿಯಂಥ ಚೀಲದಿಂದ, ಮೂರು ಪ್ಲಾಸ್ಟಿಕ್ ಕೊಟ್ಟೆಗಳಿಂದ ಬಿಚ್ಚಿ ತೆಗೆದಾಗ ನನಗೆ ಬೆರಗಾಯಿತು. ಬೆಳ್ಳಿಯ ತಟ್ಟೆಯಂತೆ ತೆಳ್ಳಗೆ ಹೊಳೆಯುವ ಅಲ್ಯೂಮಿನಿಯಂ ಮೈ. ನಮ್ಮ ಕುಮಟೆಯಲ್ಲಿ ದೊಡ್ಡ ಡಾಕ್ಟರರ ಮೇಜಿನ ಮೇಲೆ ಮಾತ್ರ ನೋಡಿದ್ದೆ. ಸರಕು ಹಡಗಿನಲ್ಲಿ ಕೆಲಸ ಮಾಡುವ ಅವರ ತಂಗಿಯ ಮಗ ಹೊಸದು ಕೊಂಡಾಗ ಹಳೆಯದನ್ನು ಮಾವನಿಗೆ ಕೊಟ್ಟು, ಸಮುದ್ರದ ನಕಾಶೆ ತೋರಿಸುವ ಒಂದು ಉಚಿತ ತಂತ್ರಾಂಶ ಹಾಕಿಕೊಟ್ಟಿದ್ದನಂತೆ. ಅಣ್ಣ ಮಲಗಿದ ಮೇಲೆ ತಮ್ಮ ಅದನ್ನು ತೆರೆದರು. ಅದು ಅಪ್‌ಡೇಟ್ ಕೇಳಿತು. ಇವರು ಓಕೆ ಒತ್ತಿದರು. ಮತ್ತೆ ಕೇಳಿತು, ಮತ್ತೆ ಒತ್ತಿದರು. ಕೊನೆಗೆ ನಕಾಶೆಯ ತಂತ್ರಾಂಶ ತೆರೆಯಲೇ ಇಲ್ಲ. ಅದರ ಹೊಸ ಆವೃತ್ತಿ ಹಾಕೋಣವೆಂದರೆ ಅದಕ್ಕೆ ಇನ್ನೂ ಹೊಸ ಕಾರ್ಯಾಚರಣಾ ವ್ಯವಸ್ಥೆ ಬೇಕು. ಆ ಹೊಸ ವ್ಯವಸ್ಥೆಯನ್ನು ಈ ಮಾದರಿಗೆ ಕೊಡುವುದಿಲ್ಲವೆಂದು ಕಂಪನಿ ಕೈತೊಳೆದುಕೊಂಡಿತ್ತು.

ನಿಜ ಹೇಳಬೇಕೆಂದರೆ ಇದು ಒಂದು ಗಳಿಗೆಯ ಕೆಲಸ. ಪಾಯಿಂಟುಗಳ ಕಡತವನ್ನು ಬೇರೆ ಯಾವುದಾದರೂ ಕಂಪ್ಯೂಟರ್‌ಗೆ ಹಾಕಿ ತೆರೆದರೆ ಆಯಿತು. ಹಾಗೆಂದು ಹೇಳಿದ್ದೇ ತಡ, ಅವರು ಲ್ಯಾಪ್‌ಟಾಪಿನ ಮೇಲೆ ಅಂಗೈ ಊರಿದರು. ಈ ಡಬ್ಬಿಯಿಂದ ಒಂದು ಪಾಯಿಂಟೂ ಹೊರಗೆ ಹೋಗಬಾರದು, ಅದು ಅಣ್ಣನ ಮಾತು, ಅಣ್ಣನಿಗೆ ಈಗ ಮಾತಿಲ್ಲದಿದ್ದರೂ ಆ ಮಾತು ಇದೆ ಎಂದರು. ನನ್ನ ಸಿಟ್ಟು ಮೂಗಿನ ತುದಿಗೆ ಬಂತು. ಆದರೆ ಲ್ಯಾಪ್‌ಟಾಪು ಅವರದು, ಸಮುದ್ರಕ್ಕೆ ಹೋಗುವವರೂ ಅವರು. ಹಾಗಾಗಿ ಉಳಿದದ್ದು ಒಂದೇ ದಾರಿ: ಇದೇ ಯಂತ್ರದ ಒಳಗೆ, ಹಳೆಯದನ್ನು ಮುಟ್ಟದೆ, ಪಕ್ಕದಲ್ಲಿ ಲಿನಕ್ಸ್ ಕೂರಿಸುವುದು.

ನಾನೂ ಒಂದು ಷರತ್ತು ಹಾಕಿದೆ. ಪ್ರತಿ ತೆಗೆಯದೆ ಯಾರ ಯಂತ್ರವನ್ನೂ ನಾನು ಮುಟ್ಟುವುದಿಲ್ಲ. ಬಹಳ ಹೊತ್ತು ಯೋಚಿಸಿ ಒಪ್ಪಿದರು. ಅವರೇ ತಂದ ಪೆನ್‌ಡ್ರೈವ್‌ಗೆ ಅವರ ಕಣ್ಣೆದುರೇ ಕಡತವನ್ನು ನಕಲು ಮಾಡಿದೆ. ಅವರು ಅದನ್ನು ಅಂಗಿಯ ಜೇಬಿಗೆ ಹಾಕಿ, ಗುಂಡಿ ಹಾಕಿ, ಮೇಲಿಂದ ಒಮ್ಮೆ ತಟ್ಟಿ ನೋಡಿಕೊಂಡರು.

ಕೆಲಸ ಶುರುವಾದ ಮೇಲೆ ಗೊತ್ತಾಯಿತು, ಯಂತ್ರಕ್ಕೂ ಆ ತಾಂಡೇಲರಿಗೂ ಬುದ್ಧಿ ಒಂದೇ ಎಂದು. ಅದರೊಳಗೆ ಒಂದು ಭದ್ರತಾ ಚಿಪ್ ಕೂತಿದೆ. ಡಿಸ್ಕಿನಲ್ಲಿರುವ ಅಕ್ಷರ ಅಕ್ಷರವನ್ನೂ ಗೂಢಲಿಪಿ ಮಾಡಿ ಇಟ್ಟು, ಬೀಗದ ಕೈ ತಾನೇ ನುಂಗಿಕೊಂಡಿರುತ್ತದೆ. ಹೊರಗಿನ ಪೆನ್‌ಡ್ರೈವ್‌ನಿಂದ ಯಂತ್ರ ಏಳಬೇಕಾದರೆ ಅದರ ಅಪ್ಪಣೆ ಬೇಕು. ಆನ್ ಮಾಡುವಾಗ ಎರಡು ಕೀಲಿ ಒತ್ತಿಹಿಡಿದು ದುರಸ್ತಿ ವಿಭಾಗಕ್ಕೆ ಹೋಗಿ, ಮಾಲೀಕನ ಪಾಸ್‌ವರ್ಡ್ ಕೊಟ್ಟು, ಹೊರಗಿನ ವ್ಯವಸ್ಥೆಗೂ ಅವಕಾಶ ಇರಲಿ ಎಂದು ಬದಲಿಸಬೇಕು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುವ ಹಾಗೆ. ಪಾಸ್‌ವರ್ಡ್ ಇದ್ದದ್ದು ಹಡಗಿನಲ್ಲಿದ್ದ ಅಳಿಯನ ತಲೆಯಲ್ಲಿ. ಅವನ ಹಡಗು ಯಾವುದೋ ಬಂದರಿಗೆ ತಾಗಿ, ಫೋನು ತಾಗಿ, ಅವನು ಹೇಳುವವರೆಗೆ ಕಾದೆವು.

ಆಮೇಲೆ ಡಿಸ್ಕಿನಲ್ಲಿ ಜಾಗ ಬಿಡಿಸುವ ಕೆಲಸ. ಹಳೆಯ ವ್ಯವಸ್ಥೆಯ ಒಳಗಿಂದಲೇ ಅದರ ಪಾಲನ್ನು ಕುಗ್ಗಿಸಬೇಕು; ಹೊರಗಿನಿಂದ ಕೈ ಹಾಕಿದರೆ ಎಲ್ಲ ಹೋಗುತ್ತದೆ. ಕುಗ್ಗಿಸು ಎಂದರೆ ಜಾಗವಿಲ್ಲ ಎನ್ನುತ್ತಿತ್ತು, ನೋಡಿದರೆ ಅರ್ಧ ಡಿಸ್ಕು ಖಾಲಿ. ಬಹಳ ತಡಕಾಡಿದ ಮೇಲೆ ಸಿಕ್ಕಿತು: ವ್ಯವಸ್ಥೆ ತನ್ನ ಪಾಡಿಗೆ ತಾನು ಹಳೆಯ ಸ್ಥಿತಿಯ ಪ್ರತಿಗಳನ್ನು ಗುಟ್ಟಾಗಿ ಇಟ್ಟುಕೊಂಡಿತ್ತು. ಒಂದೊಂದಾಗಿ ಅವನ್ನು ತೆಗೆದು ಮತ್ತೆ ಕುಗ್ಗಿಸಲು ಕೊಟ್ಟೆ. ಕೆಲಸ ಅರ್ಧಕ್ಕೆ ಬಂದಿರುವಾಗ ತಮ್ಮ ಎದ್ದು ನಿಂತು, ಆತು, ಇನ್ನು ಕೊಡಿ, ದೋಣಿ ತಪ್ಪುತ್ತದೆ ಎಂದರು. ಅಘನಾಶಿನಿ ಹೊಳೆ ದಾಟಿ ತದಡಿಗೆ ಹೋಗುವ ದೋಣಿ ಅದು. ಯಂತ್ರವನ್ನು ಅಂಗಡಿಯಲ್ಲಿ ಬಿಟ್ಟುಹೋಗುವ ಪ್ರಶ್ನೆಯೇ ಇರಲಿಲ್ಲ. ಈಗ ಮುಚ್ಚಿದರೆ ನಿಮ್ಮ ಪಾಯಿಂಟೆಲ್ಲ ಹೊಳೆಗೆ ಹಾಕಿದ ಹಾಗೆ ಎಂದು ಗದರಿಸಿ ಕೂರಿಸಿದೆ. ದೋಣಿ ತಪ್ಪಿತು. ರಸ್ತೆಯಲ್ಲಿ ಸುತ್ತುಹಾಕಿ ಮನೆ ಸೇರಿದರಂತೆ, ಲ್ಯಾಪ್‌ಟಾಪನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು.

ಮರುದಿನ ಲಿನಕ್ಸಿನ ಪೆನ್‌ಡ್ರೈವ್ ಹಾಕಿ ಎಬ್ಬಿಸಿದೆ. ಪರದೆ ಬಂತು. ಕೀಲಿಮಣೆ ಸತ್ತಿತ್ತು. ಟಚ್‌ಪ್ಯಾಡೂ ಇಲ್ಲ, ವೈಫೈಯೂ ಇಲ್ಲ. ಈ ಮಾದರಿಯಲ್ಲಿ ಎಲ್ಲವೂ ಆ ಪೂಜಾರಿ ಚಿಪ್ಪಿನ ಮೂಲಕವೇ ಹೋಗುತ್ತದೆ. ಮಾಮೂಲಿ ಲಿನಕ್ಸಿಗೆ ಅದರ ಭಾಷೆ ಬಾರದು. ಭಟ್ಕಳದಲ್ಲಿ ದುಬೈಯಿಂದ ಬಂದ ಇಂಥ ಯಂತ್ರಗಳನ್ನೇ ರಿಪೇರಿ ಮಾಡುವ ಒಬ್ಬ ಪರಿಚಯದವರಿದ್ದಾರೆ. ಫೋನು ಮಾಡಿದೆ. ಅವರು ಮೊದಲು ಚೆನ್ನಾಗಿ ನಕ್ಕರು. ಆಮೇಲೆ, ಈ ಚಿಪ್ಪಿಗೆಂದೇ ತಿದ್ದಿದ ಕರ್ನಲ್, ಅಂದರೆ ಲಿನಕ್ಸಿನ ತಿರುಳು, ಎಲ್ಲಿ ಸಿಗುತ್ತದೆಂದು ಹೇಳಿ, ಹೊರಗಿನ ಕೀಲಿಮಣೆ, ಮೌಸ್ ಹಚ್ಚಲು ಒಂದು ಯುಎಸ್‌ಬಿ ಹಬ್ ಅನ್ನು ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಳಿಸಿಕೊಟ್ಟರು. ತಿದ್ದಿದ ಕರ್ನಲ್ ಹಾಕಿದ ಮೇಲೆ ಕೀಲಿಮಣೆಗೆ ಜೀವ ಬಂತು. ವೈಫೈಗೆ ಬೇಕಾದ ಫರ್ಮ್‌ವೇರನ್ನು ಹಳೆಯ ವ್ಯವಸ್ಥೆಯ ಹೊಟ್ಟೆಯಿಂದಲೇ ಎತ್ತಿ ತಂದೆ. ಫ್ಯಾನಿಗೆ ಬೇರೆ ಸಣ್ಣ ತಂತ್ರಾಂಶ, ಇಲ್ಲವಾದರೆ ಯಂತ್ರದ ಮೈ ಕಾದ ಕಾವಲಿಯಾಗುತ್ತಿತ್ತು. ಟಚ್‌ಪ್ಯಾಡ್ ಮಾತ್ರ ಕೊನೆಯವರೆಗೂ ಸರಿಹೋಗಲಿಲ್ಲ. ಅಂಗೈ ತಾಗಿದರೂ ಬಾಣದ ಗುರುತು ಎಲ್ಲಿಗೋ ಹಾರುತ್ತಿತ್ತು. ಮೌಸ್ ಇದೆಯಲ್ಲ ಎಂದು ಬಿಟ್ಟೆ.

ನಕಾಶೆಯ ಹೊಸ ತಂತ್ರಾಂಶ ಹಾಕಿದೆ. ಕುಮಟೆಯ ತೀರ, ಅಘನಾಶಿನಿಯ ಅಳಿವೆ, ನೀಲಿ ಸಮುದ್ರ, ಆಳದ ಅಂಕಿಗಳು ಎಲ್ಲ ಚೆಂದಕ್ಕೆ ಬಂದವು. ಪಕ್ಕದಲ್ಲಿ ಕೂತಿದ್ದ ತಮ್ಮ ಪರದೆಯನ್ನು ತನ್ನ ಕಡೆಗೆ ತಿರುಗಿಸಿಕೊಂಡರು. ನಾನು ಹೇಳಿಕೊಟ್ಟಂತೆ ಅವರೇ ಕಡತವನ್ನು ಆರಿಸಿ ಒತ್ತಿದರು. ಆಮೇಲೆ ಸದ್ದೇ ಇಲ್ಲ. ಆ ಮನುಷ್ಯ ಸುಮ್ಮನಾದದ್ದನ್ನು ನಾನು ಅದೇ ಮೊದಲು ನೋಡಿದ್ದು. ನೋಡಬಾರದೆಂಬ ಷರತ್ತು ಮರೆತು ಎದ್ದುಹೋಗಿ ಪರದೆ ನೋಡಿದೆ.

ಪಾಯಿಂಟುಗಳು ನೆಲದ ಮೇಲಿದ್ದವು. ಕುಮಟೆಯ ಒಳಗಿನ ಹಳ್ಳಿಗಳಲ್ಲಿ, ಗದ್ದೆಗಳಲ್ಲಿ, ಹೊನ್ನಾವರದ ಆಚೆಯ ಗುಡ್ಡಗಳಲ್ಲಿ, ಕತಗಾಲದ ರಸ್ತೆಬದಿಯಲ್ಲಿ. ಅಲ್ಲೊಂದು ಇಲ್ಲೊಂದು ನೀರಿನಲ್ಲಿದ್ದವಾದರೂ ದಂಡೆಗೆ ಅಂಟಿಕೊಂಡಂತೆ, ಮಕ್ಕಳು ಗಾಳ ಹಾಕುವಷ್ಟು ಹತ್ತಿರದಲ್ಲಿ. ಒಬ್ಬ ಮನುಷ್ಯನ ಇಡೀ ಆಯುಷ್ಯದ ಸಮುದ್ರವನ್ನು ನಾನು ಕೆಡಿಸಿ ಇಟ್ಟೆ ಎಂದೇ ಅನ್ನಿಸಿತು. ಅವನಿಗೋ, ಮತ್ತೆ ಹೇಳಲು ಬಾಯಿಲ್ಲ.

ಜೇಬಿನ ಪೆನ್‌ಡ್ರೈವ್ ಕೇಳಿದೆ. ಅವರು ಗುಂಡಿ ಬಿಚ್ಚಿ ಕೊಟ್ಟರು. ಅದರಲ್ಲಿದ್ದ ಅಂಕಿಗಳೂ ಅವೇ. ಅಂದರೆ ನಾನು ಕೈ ಹಾಕುವ ಮೊದಲೇ ಪಾಯಿಂಟುಗಳು ನೆಲದ ಮೇಲಿದ್ದವು. ಬಚಾವಾದೆ ಎಂದು ಸಮಾಧಾನವಾಗಬೇಕಿತ್ತು, ಆಗಲಿಲ್ಲ. ದಿಗಿಲು ಇನ್ನೂ ಹೆಚ್ಚಾಯಿತು. ಡಿಗ್ರಿ, ಮಿನಿಟುಗಳ ಬರವಣಿಗೆಯಲ್ಲಿ ತಪ್ಪಾಗಿರಬಹುದೆಂದು ಬೇರೆ ಬೇರೆ ರೀತಿಯಲ್ಲಿ ಓದಿಸಿ ನೋಡಿದೆ. ಒಂದರಲ್ಲಿ ಆಫ್ರಿಕಾದ ಹತ್ತಿರ ಹೋದವು, ಇನ್ನೊಂದರಲ್ಲಿ ಎಲ್ಲ ಒಂದರ ಮೇಲೊಂದು ಗುಪ್ಪೆ ಬಿದ್ದವು.

ತಮ್ಮನೇ ಕೊನೆಗೆ ಬಾಯಿ ಬಿಟ್ಟರು. ಎಲ್ಲವನ್ನೂ ಒಟ್ಟಿಗೆ ಹಿಡಿದು ಪಡುವಣಕ್ಕೆ ದೂಡಿಕೊಡಿ, ನೀರಿಗೆ ಬಿದ್ದರೆ ಸಾಕು, ಅಲ್ಲಿಂದ ಮುಂದೆ ನಾನು ಹುಡುಕಿಕೊಳ್ಳುತ್ತೇನೆ ಎಂದರು. ದೂಡಲು ಎರಡು ಕ್ಲಿಕ್ ಸಾಕಿತ್ತು. ಆದರೆ ಎಷ್ಟು ದೂಡುವುದು? ಮುಳುಗಿದ ಹಡಗಿನ ಪಾಯಿಂಟೂ ಅದರಲ್ಲೇ ಇದೆ ಎಂದು ಅವರೇ ಹೇಳಿದ್ದರು. ಅಂದಾಜಿಗೆ ದೂಡಿದರೆ, ಬಲೆ ಬಿಡಬಾರದ ಜಾಗದಲ್ಲೇ ಬಿಟ್ಟಾರು. ಬಲೆ ಹಡಗಿಗೆ ಸಿಕ್ಕಿಬಿದ್ದು, ಸೆಳವು ಜೋರಿದ್ದರೆ, ಬೋಟೇ ಮಗುಚುತ್ತದೆ. ನಾನು ಆಗುವುದಿಲ್ಲ ಎಂದೆ. ನಿಮಗೆ ಬರೂದಿಲ್ಲ ಅಂತ ಹೇಳಿ ಎಂದು ಅವರು ರೇಗಿದರು. ಬರುವುದಿಲ್ಲ ಎಂದೇ ತಿಳಿದುಕೊಳ್ಳಿ ಎಂದು ನಾನೂ ರೇಗಿದೆ.

ಹಾಗೆ ಮುಖ ತಿರುಗಿಸಿ ಕೂತಿದ್ದಾಗಲೇ ನನ್ನ ಕಣ್ಣಿಗೆ ಒಂದು ಪಾಯಿಂಟು ಬಿತ್ತು. ಉಳಿದವಕ್ಕೆಲ್ಲ ಬರೀ ನಂಬರು. ಇದಕ್ಕೊಂದಕ್ಕೆ ಮಾತ್ರ ಹೆಸರು, ಜಟಗ. ನೆಲದ ಮೇಲಲ್ಲ, ಮುರ್ಡೇಶ್ವರದ ಎದುರು ಸಮುದ್ರದ ನಡುವೆ, ನೇತ್ರಾಣಿ ನಡುಗಡ್ಡೆಯ ಮೇಲೆ ಮೊಳೆ ಹೊಡೆದಂತೆ ಸರಿಯಾಗಿ ಕೂತಿತ್ತು. ಅಲ್ಲಿಯ ದೇವರು ಜಟಗನಿಗೆ ಮೀನುಗಾರರು ಹರಕೆ ಕೊಟ್ಟು ಬರುತ್ತಾರೆ. ನೂರೆಂಟು ತಪ್ಪಿನ ನಡುವೆ ಇದೊಂದು ಹೇಗೆ ಸರಿ ಎಂದು ತಮ್ಮನನ್ನು ಕೇಳಿದೆ.

ಅವರು ಪರದೆಯನ್ನು ನೋಡಿದರು, ನನ್ನನ್ನು ನೋಡಿದರು.

"ದೇವ್ರ ಜಾಗಕ್ಕೆ ಸುಳ್ಳು ಬರ್ಯೂಕೆ ಅಣ್ಣಂಗೆ ಧೈರ್ಯ ಬರ್ಲಿಲ್ಲ," ಎಂದರು. "ಬಾಕಿ ಎಲ್ಲ ಬೇಕಂತ್ಲೇ ಸುಳ್ಳು, ಅಕ್ಕೋರೆ."

ಕದ್ದರೂ ಪ್ರಯೋಜನವಾಗದಿರಲಿ ಎಂದು ಹಾಸಿಗೆ ಹಿಡಿದ ಆ ತಾಂಡೇಲ ಒಂದೊಂದು ಪಾಯಿಂಟನ್ನೂ ಯಾವುದೋ ಒಂದು ಲೆಕ್ಕದಲ್ಲಿ ಸರಿಸಿ ಬರೆದಿಟ್ಟಿದ್ದ. ಕ್ಯಾಬಿನ್ನಿನಲ್ಲಿ ಕೂತು ಅಷ್ಟನ್ನೇ ಕಳೆದು ನಿಜವಾದ ಅಂಕಿ ತುಂಬುತ್ತಿದ್ದ. ಕಂಪನಿಯ ಚಿಪ್ಪಿನ ಗೂಢಲಿಪಿಯ ಒಳಗೆ ತಾಂಡೇಲರ ಗೂಢಲಿಪಿ. ಚಿಪ್ಪಿನದಕ್ಕೆ ಪಾಸ್‌ವರ್ಡ್ ಹೇಳಲು ಹಡಗಿನಲ್ಲಿ ಅಳಿಯನಿದ್ದ. ಇದರದ್ದು ಮಾತಿಲ್ಲದವನ ತಲೆಯಲ್ಲಿತ್ತು. ತಮ್ಮನಿಗೆ ಆ ನೋವು ಬೇರೆಯೇ. ಒಂದೇ ಬೋಟಿನಲ್ಲಿ ಇಷ್ಟು ವರ್ಷ ಇದ್ದೂ ನನಗೂ ಹೇಳಲಿಲ್ಲವಲ್ಲ ಎಂದು ಸ್ಟೂಲಿನ ಮೇಲೆ ಕುಗ್ಗಿ ಕೂತರು.

ಅಣ್ಣನ ಹತ್ತಿರವೇ ತೆಗೆದುಕೊಂಡು ಹೋಗೋಣ ಎಂದೆ. ಅವರು ಹೆದರಿದರು. ಹೊರಗಿನವಳೊಬ್ಬಳು ಪಾಯಿಂಟು ನೋಡಿದ್ದಾಳೆಂದು ತಿಳಿದರೆ ಅಣ್ಣನ ಎದೆ ಒಡೆದೀತು ಎಂದರು. ನನಗೂ ಹೆದರಿಕೆ ಇರಲಿಲ್ಲವೆಂದಲ್ಲ. ಆದರೂ ಅಂಗಡಿಯ ಶಟರ್ ಎಳೆದೆ. ಇಬ್ಬರೂ ದೋಣಿ ದಾಟಿ ತದಡಿಗೆ ಹೋದೆವು.

ತಾಂಡೇಲರು ಕಿಟಕಿಯ ಹತ್ತಿರದ ಮಂಚದ ಮೇಲೆ ದಿಂಬಿಗೆ ಒರಗಿದ್ದರು. ಅಲ್ಲಿಂದ ಧಕ್ಕೆಯ ಕಟ್ಟೆಗೆ ಕಟ್ಟಿದ ಬೋಟುಗಳು ಕಾಣುತ್ತಿದ್ದವು. ಲ್ಯಾಪ್‌ಟಾಪನ್ನು ಅವರ ಮುಂದೆ ತೆರೆದಿಟ್ಟು, ಮೌಸನ್ನು ಎಡಗೈಯ ಬದಿಗೆ ಇಟ್ಟೆ. ಅವರು ಪರದೆಯನ್ನು ಒಮ್ಮೆ ನೋಡಿದರು. ಆಮೇಲೆ ನನ್ನನ್ನು ನೋಡಿದ ನೋಟವನ್ನು ನಾನು ಇನ್ನೂ ಮರೆತಿಲ್ಲ. ಸ್ನಾನದ ಮನೆಯ ಬಾಗಿಲು ತೆರೆದವಳನ್ನು ನೋಡುವ ಹಾಗಿತ್ತು. ಮುಖವನ್ನು ಗೋಡೆಗೆ ತಿರುಗಿಸಿದರು. ಚಹಾ ತಂದ ಅವರ ಹೆಂಡತಿ ಬಾಗಿಲಲ್ಲೇ ನಿಂತುಬಿಟ್ಟರು. ನಾನು ನಾಚಿಕೆಯಿಂದ ಯಂತ್ರವನ್ನು ಮುಚ್ಚಲು ಹೊರಟೆ. ತಮ್ಮ ತಡೆದರು.

"ಅಣ್ಣ, ನನ್ನ ಬಾಯಿ ನಿಲ್ಲೂದಿಲ್ಲ. ಅದು ನಂಗೂ ಗೊತ್ತು, ಅದ್ಕೇ ನೀ ಹೇಳ್ಲಿಲ್ಲ, ಆತು," ಎಂದರು. "ಆದ್ರೆ ಬೋಟಲ್ಲಿ ನಾನೊಬ್ನೇ ಹೋಗೂದಲ್ಲ. ಆ ಮುಳುಗಿದ ಹಡಗಿನ ಮೇಲೆ ಬಲೆ ಬಿಟ್ರೆ ಅವ್ರ ಮನೆಯೋರಿಗೆ ಎಂತ ಹೇಳ್ಲಿ? ಅಣ್ಣ ಗುಟ್ಟು ಬಿಡ್ಲಿಲ್ಲ ಅಂತ ಹೇಳ್ಲಾ?"

ಹೊರಗೆ ಯಾರದೋ ಬೋಟಿಗೆ ಬಣ್ಣ ಬಳಿಯಲು ಹಲಗೆ ಉಜ್ಜುತ್ತಿದ್ದ ಸದ್ದು ಕೇಳುತ್ತಿತ್ತು. ಆಮೇಲೆ ತಾಂಡೇಲರು ಮುಖ ತಿರುಗಿಸಿದರು. ಮೌಸನ್ನು ಬದಿಗೆ ತಳ್ಳಿ, ಎಡಗೈಯ ಬೆರಳನ್ನು ಪರದೆಯ ಗಾಜಿನ ಮೇಲೇ ಇಟ್ಟರು. ಕತಗಾಲದ ರಸ್ತೆಬದಿಯಲ್ಲಿ ಒಂದು ಪಾಯಿಂಟಿತ್ತಲ್ಲ, ಅದರ ಮೇಲೆ. ಅದರ ನಂಬರು ಒಂದು. ಅಲ್ಲಿಂದ ಬೆರಳನ್ನು ನಿಧಾನಕ್ಕೆ ತದಡಿಯ ಧಕ್ಕೆಗೆ ಎಳೆದರು. ಮತ್ತೆ ಕತಗಾಲಕ್ಕೆ ಇಟ್ಟರು, ಮತ್ತೆ ಧಕ್ಕೆಗೆ ಎಳೆದರು. ನನಗೆ ತಲೆಬುಡ ತಿಳಿಯಲಿಲ್ಲ. ತಮ್ಮ ಮಾತ್ರ ಮಂಚದ ಅಂಚಿನಲ್ಲಿ ಕುಸಿದು ಕೂತರು.

"ಅವ್ವಿ," ಎಂದರು. "ಅವ್ವಿ ಮೀನು ಮಾರೂಕೆ ಕೂರ್ತಿದ್ದ ಜಾಗ."

ಅವರ ತಾಯಿ ಒಣಮೀನಿನ ಬುಟ್ಟಿ ಹೊತ್ತು, ಹೊಳೆ ದಾಟಿ, ಕತಗಾಲದವರೆಗೆ ಹೋಗಿ ಆ ರಸ್ತೆಬದಿಯಲ್ಲಿ ಕೂತು ಮಾರುತ್ತಿದ್ದರಂತೆ. ದೊಡ್ಡ ಮಗನನ್ನು ಜೊತೆಗೆ ಕರೆದೊಯ್ಯುತ್ತಿದ್ದರಂತೆ. ತದಡಿಯ ಧಕ್ಕೆಯನ್ನು ಎತ್ತಿ ಆ ಜಾಗಕ್ಕೆ ಇಟ್ಟರೆ ಎಷ್ಟು ಸರಿಯುತ್ತದೋ ಅಷ್ಟೇ ಅವರು ಇಡೀ ಸಮುದ್ರವನ್ನು ಸರಿಸಿದ್ದರು. ತಾಯಿ ಮೀನು ಹೊತ್ತ ಹಾಗೆ ಮಗ ಕಲ್ಲುಗಳನ್ನೆಲ್ಲ ಹೊತ್ತು ಕತಗಾಲದ ದಾರಿಗೆ ಹಾಕಿದ್ದ. ನನ್ನ ಕಣ್ಣು ತುಂಬಿ ಬಂತು. ಅತ್ತಿಗೆಯಂತೂ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದರು.

ಒಂದನೆಯ ಪಾಯಿಂಟಿಗೂ ಅವರ ಬೋಟು ಕಟ್ಟುವ ಧಕ್ಕೆಯ ಕಂಬಕ್ಕೂ ಇರುವ ವ್ಯತ್ಯಾಸ ತೆಗೆದೆ. ಜಟಗನನ್ನು ಬಿಟ್ಟು ಉಳಿದೆಲ್ಲವನ್ನೂ ಅಷ್ಟು ಹಿಂದಕ್ಕೆ ಸರಿಸಿದೆ. ಪಾಯಿಂಟುಗಳು ಗುಡ್ಡ ಇಳಿದು, ಗದ್ದೆ ದಾಟಿ, ನೀರಿಗೆ ಹೋಗಿ ಬಿದ್ದವು. ಸರಿಯೋ ಅಲ್ಲವೋ ಎಂದು ಹೇಗೆ ತಿಳಿಯುವುದು? ಹಿಂದೊಮ್ಮೆ ಮುಳುಗಿದ ಹಡಗಿಗೆ ಬಲೆ ಸಿಕ್ಕಿದ ದಿನ ಮುರ್ಡೇಶ್ವರದ ಗೋಪುರ ಯಾವ ದಿಕ್ಕಿಗೆ, ಅಘನಾಶಿನಿಯ ಗುಡ್ಡ ಯಾವ ದಿಕ್ಕಿಗೆ ಕಾಣುತ್ತಿತ್ತು ಎಂದು ತಮ್ಮನನ್ನು ಕೇಳಿದೆ. ಅವರು ಉತ್ತರಕ್ಕೆ ಮುಖ ಮಾಡಿ, ಕಣ್ಣು ಮುಚ್ಚಿ ಎರಡೂ ಕೈ ಚಾಚಿ ತೋರಿಸಿದರು. ಆ ಎರಡು ದಿಕ್ಕಿಗೆ ನಕಾಶೆಯಲ್ಲಿ ಗೆರೆ ಎಳೆದೆ. ಗೆರೆಗಳು ಸೇರಿದಲ್ಲೇ, ಒಂದು ಕೂದಲೆಳೆ ಆಚೀಚೆ, ಒಂದು ಪಾಯಿಂಟು ಕೂತಿತ್ತು. ತಾಂಡೇಲರು ಹೌದೆಂದು ಕಣ್ಣು ಮುಚ್ಚಿ ತೆರೆದರು.

ಕೆಲಸ ಮುಗಿಯಿತೆಂದು ನಾನು ಚೀಲ ಹಿಡಿದೆ. ಆದರೆ ಅವರು ಎಡಗೈ ಎತ್ತಿ ಪರದೆಯನ್ನು ತೋರಿಸಿದರು, ಮತ್ತೆ ಗುಡ್ಡದ ಕಡೆಗೆ ಗಾಳಿಯಲ್ಲಿ ತಳ್ಳಿದರು. ಮತ್ತೆ ಸುಳ್ಳು ಮಾಡಬೇಕಂತೆ. ನನಗೆ ನಗು ಬಂತು, ಬೆರಗೂ ಆಯಿತು. ಹಳೆಯ ಲೆಕ್ಕವಲ್ಲ, ಹೊಸದು. ಹಳೆಯದು ಈಗ ನನಗೆ ಗೊತ್ತಾಗಿಬಿಟ್ಟಿದೆ. ಎಲ್ಲ ಪಾಯಿಂಟುಗಳನ್ನು ಒಟ್ಟಿಗೆ ಆರಿಸಿ ಸರಿಸುವುದು ಹೇಗೆಂದು ತಮ್ಮನಿಗೆ ಕಲಿಸಿದೆ. ತಾಂಡೇಲರು ನನ್ನನ್ನು ನೋಡಿ ಬಾಗಿಲ ಕಡೆಗೆ ಗದ್ದ ಎತ್ತಿದರು. ಬೇಜಾರಾಗಲಿಲ್ಲ. ಎದ್ದು ಹೊರಗೆ ಬರುವಾಗ ಅವರು ತಮ್ಮನ ಮಣಿಕಟ್ಟನ್ನು ಎಡಗೈಯಲ್ಲಿ ಬಿಗಿಯಾಗಿ ಹಿಡಿದದ್ದು ಕಂಡಿತು.

ಜಗಲಿಯಲ್ಲಿ ಅತ್ತಿಗೆ ಕೊಟ್ಟ ಇನ್ನೊಂದು ಲೋಟ ಚಹಾ ಕುಡಿದೆ. ಕರೆದಾಗ ಒಳಗೆ ಹೋಗಿ ನೋಡಿದರೆ ಪಾಯಿಂಟುಗಳು ಮತ್ತೆ ನೆಲದ ಮೇಲೆ, ಬೇರೆಯೇ ಯಾವುದೋ ಕಡೆ. ಜಟಗ ಮಾತ್ರ ಇದ್ದಲ್ಲೇ ಇದ್ದ. ದೋಣಿಯವರೆಗೆ ನನ್ನನ್ನು ಬಿಡಲು ತಮ್ಮ ಬಂದರು. ದಾರಿಯುದ್ದಕ್ಕೂ ಏನಾದರೂ ಹೇಳುತ್ತಾರೆಂದು ಕಾದೆ. ಮಳೆ ಬಂತು ಎಂದೂ ಹೇಳಲಿಲ್ಲ.

ಮೀನುಗಾರಿಕೆ ಶುರುವಾಗಿ ಕೆಲ ಕಾಲದ ನಂತರ ಅವರು ಚಾರ್ಜರ್ ಹಾಳಾಯಿತೆಂದು ಅಂಗಡಿಗೆ ಬಂದರು. ಬೋಟು, ಬಲೆ, ಜನ ಎಲ್ಲ ಕ್ಷೇಮವಾಗಿ ತಿರುಗಿ ಬಂದಿದ್ದ ಸುದ್ದಿ ನನಗೆ ಆಗಲೇ ಮುಟ್ಟಿತ್ತು. ಅದೇ ಸ್ಟೂಲಿನ ಮೇಲೆ ಕೂತರು. ಚಹಾ ತರಿಸಿದೆ. ಮೊದಲಿನ ಹಾಗೆ ಮಾತು ಹೊರಡಲೆಂದು, ಈ ಸಲ ಬಲೆ ಬಿಟ್ಟದ್ದು ಎಲ್ಲಿ ಎಂದು ಕೇಳಿದೆ.

ಅವರು ಚಹಾ ಪೂರ್ತಿ ಕುಡಿದು, ಲೋಟ ಕೆಳಗಿಟ್ಟರು.

"ನೀರಲ್ಲಿ, ಅಕ್ಕೋರೆ," ಎಂದರು.